ಅಷ್ಟೂರ: ಗುಂಬಜದ ಕೆಳಗಿನ ಹೊಲ, ಬಾದಶಾಹನ ಬಾವನ್ನ ಹಕ್ಕು

ಬೀದರ ಶಹರದಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್ ಇಳಿದರೆ ಅಷ್ಟೂರ. ಇಳಿದರೆ ಎಂಬ ಮಾತನ್ನು ಬೇಕಂತಲೇ ಬಳಸಿದ್ದೇನೆ. ಬೀದರ ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಕೆಂಪುಕಲ್ಲಿನ ದಿನ್ನೆಯ ಮೇಲೆ. ಆ ದಿನ್ನೆ ಮುಗಿದು ನೆಲ ತಗ್ಗಿಗೆ ಸರಿಯುವ ಕಡೆ ಅಷ್ಟೂರಿನ ಹೊಲಗಳಿವೆ. ಹೊಲದ ನಡುವೆ ಬಹಮನಿ ಬಾದಶಾಹರ ಗುಂಬಜಗಳು ಸಾಲಾಗಿ ನಿಂತಿವೆ. ಬದುಕಿದ್ದಾಗ ಮೇಲೆ ಕಿಲ್ಲಾದಾಗ ಕೂತು ಆಳಿದವರು ಸತ್ತ ಮೇಲೆ ಕೆಳಗಿಳಿದು ಬಂದು ಜೋಳ ತೊಗರಿಯ ನೆಲದಾಗ ಮಲಗ್ಯಾರ.

ಪ್ರವಾಸದ ಪುಸ್ತಕ ಯಾವುದನ್ನೇ ತೆಗೆಯಿರಿ, ಅಷ್ಟೂರ ಅಂದರೆ ಗೋರಿ. ಊರಿಗೆ ಒಂದು ಕೇರಿ ಇದೆ, ಒಂದು ಬಾವಿ ಇದೆ, ಉಳುವ ಕೈಗಳಿವೆ ಎಂಬ ಮಾತು ಆ ಪುಸ್ತಕಗಳಲ್ಲಿ ಬರುವುದಿಲ್ಲ. ಊರಿನ ಹೆಸರು ಊರಿನ ಸತ್ತ ಧಣಿಗಳ ವಿಳಾಸವಾಗಿ ಮಾತ್ರ ಉಳಿದಿದೆ.

ಜಗತ್ತಿನಲ್ಲಿ ಎಲ್ಲ ಎತ್ತರದ ಸೀಮೆಗಳೂ ಹೀಗೆ ಹೆಸರಾಗಿಲ್ಲ. ಫಿಲಿಪೈನ್ಸ್ ದೇಶದ ಲುಝಾನ್ ದ್ವೀಪದ ಬೆಟ್ಟಗಳಲ್ಲಿ ಇಫುಗಾವೋ ಎಂಬ ಜನ ಇದ್ದಾರೆ. ಅವರ ಊರುಗಳು ಲೋಕಕ್ಕೆಲ್ಲ ಗೊತ್ತಿರುವುದು ಬೆಟ್ಟದ ಮೈಗೆ ಅವರು ಕಟ್ಟಿದ ಮೆಟ್ಟಿಲು ಗದ್ದೆಗಳಿಂದ. ಕಲ್ಲಿನ, ಮಣ್ಣಿನ ಗೋಡೆ ಕಟ್ಟಿ, ಮೇಲಿನ ಕಾಡಿನ ನೀರನ್ನು ಗದ್ದೆಯಿಂದ ಗದ್ದೆಗೆ ಇಳಿಸಿ ಭತ್ತ ಬೆಳೆದರು. 1995ರಲ್ಲಿ ಯುನೆಸ್ಕೋ ಈ ಗದ್ದೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಗದ್ದೆಗಳಿಗೆ ಎರಡು ಸಾವಿರ ವರ್ಷ ವಯಸ್ಸು ಅಂತ ಹಿಂದೆ ಹೇಳುತ್ತಿದ್ದರು. ಇತ್ತೀಚಿನ ಉತ್ಖನನ ಮಾಡಿದವರು ಬೇರೆ ಮಾತು ಹೇಳುತ್ತಾರೆ: ಅಲ್ಲಿ ನೀರುಗದ್ದೆ ಹಬ್ಬಿದ್ದು ಸುಮಾರು ನಾಲ್ಕುನೂರು ವರ್ಷದ ಹಿಂದೆ, ಸ್ಪೇನಿನವರ ಕೈಗೆ ಸಿಗಬಾರದೆಂದು ತಗ್ಗಿನ ಜನ ಬೆಟ್ಟ ಹತ್ತಿದ ಕಾಲಕ್ಕೆ. ಅಲ್ಲಿಯೂ ಗದ್ದೆ ಹೆಚ್ಚಿದ್ದವನು ದೊಡ್ಡವನು, ಇಲ್ಲದವನು ಆಳು, ಅದು ಸ್ವರ್ಗವೇನಲ್ಲ. ಆದರೆ ಕಟ್ಟಿದವರ ಹೆಸರಿನಲ್ಲೇ ಆ ಕಟ್ಟಡ ಇದೆ. ರಾಜನೊಬ್ಬನ ಹೆಸರು ಹೇಳಿ ಯಾರೂ ಅದನ್ನು ತೋರಿಸುವುದಿಲ್ಲ.

ಬೀದರ ಸೀಮೆಯ ದಿನ್ನೆ ಭತ್ತದ ದಿನ್ನೆಯಲ್ಲ. ಇಲ್ಲಿ ಜೋಳ, ತೊಗರಿ, ಉದ್ದು, ಹೆಸರು, ಈಗೀಗ ಸೋಯಾ, ನೀರಿದ್ದವನಿಗೆ ಕಬ್ಬು. ಆದರೂ ನೀರನ್ನು ಎತ್ತರದಿಂದ ತಗ್ಗಿಗೆ ಇಳಿಸುವ ವಿದ್ಯೆ ಇಲ್ಲಿಯೂ ಇತ್ತು. ಅದನ್ನು ತಿಳಿಯಬೇಕಾದರೆ ಕಾಲ ಕೆಳಗಿನ ಕಲ್ಲನ್ನು ನೋಡಬೇಕು.

ಬೀದರದ ಕೆಂಪುಕಲ್ಲು ಸೋರುವ ಕಲ್ಲು. ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ಕುಡಿದು ಗಟ್ಟಿಯಾಗುತ್ತದೆ. ಮೈತುಂಬ ತೂತು. ಮಳೆ ಬಿದ್ದರೆ ಮೇಲೆ ನಿಲ್ಲುವುದಿಲ್ಲ, ಒಳಗೆ ಇಳಿದುಹೋಗುತ್ತದೆ. ಕೆಂಪುಕಲ್ಲಿನ ಕೆಳಗೆ ಕರಿಕಲ್ಲಿನ ಹಾಸು ಇದೆ. ಇಳಿದ ನೀರು ಆ ಕರಿಕಲ್ಲಿಗೆ ತಾಗಿ ನಿಂತು, ದಿನ್ನೆಯ ಅಂಚಿನಲ್ಲಿ ಬುಗ್ಗೆಯಾಗಿ ಹೊರಗೆ ಬರುತ್ತದೆ. ನರಸಿಂಹ ಝರಣಿ, ನಾನಕ ಝೀರಾ ಹೀಗೆ ಹುಟ್ಟಿದ ನೀರು. ಒಂದು ಬುಗ್ಗೆ ದೇವರ ಗುಹೆಯಾಯಿತು, ಇನ್ನೊಂದು ಗುರುವಿನ ತೀರ್ಥವಾಯಿತು. ಹಾಗಾಗಿ ದಿನ್ನೆಯ ಮೇಲೆ ಇರುವವನಿಗೆ ಬಾಯಾರಿಕೆ, ನೀರು ಕಾಲ ಕೆಳಗೆ.

ಆ ನೀರನ್ನು ಹಿಡಿಯಲು ಸುರಂಗ ಬಾವಿ ತೋಡಿದರು. ಪರ್ಷಿಯಾ ಕಡೆಯಿಂದ ಬಂದ ವಿದ್ಯೆ ಅದು. ಕರೇಜ್ ಅಂತ ಅದರ ಹೆಸರು. ನೆಲದೊಳಗೆ ಉದ್ದಕ್ಕೆ ಸುರಂಗ, ಅದಕ್ಕೆ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ತೂತು. ತೂತಿನಿಂದ ಇಳಿದು ಅಗೆಯುವುದು, ಮಣ್ಣನ್ನು ಅದೇ ತೂತಿನಿಂದ ಮೇಲಕ್ಕೆ ಎಳೆಯುವುದು, ಮತ್ತೆ ಮುಂದಿನ ತೂತು. ನೀರು ತನ್ನ ಇಳಿಜಾರಿನಲ್ಲಿ ತಾನೇ ಹರಿಯಬೇಕು. ಇಳಿಜಾರು ಒಂಚೂರು ಹೆಚ್ಚಾದರೆ ಸುರಂಗ ಕೊರೆದುಹೋಗುತ್ತದೆ, ಒಂಚೂರು ಕಡಿಮೆಯಾದರೆ ಹೂಳು ನಿಲ್ಲುತ್ತದೆ. ನೌಬಾದಿನ ಸುರಂಗ ಬಾವಿ ಎರಡು ಮೂರು ಕಿಲೋಮೀಟರ್ ಉದ್ದಕ್ಕೆ ಹೋಗುತ್ತದೆ, ಇಪ್ಪತ್ತಕ್ಕೂ ಹೆಚ್ಚು ತೂತುಗಳಿವೆ. ಕಸ ಕಲ್ಲು ತುಂಬಿ ಮರೆತುಹೋಗಿದ್ದ ಇದನ್ನು 2010ರ ದಶಕದಲ್ಲಿ ಭೂಗೋಳ ಶಾಸ್ತ್ರದ ಸಂಶೋಧಕ ವಿ. ಗೋವಿಂದನ್‌ಕುಟ್ಟಿ ಅಳೆದು ನಕಾಶೆ ಮಾಡಿದರು. ಆಮೇಲೆ ಹೂಳೆತ್ತುವ ಕೆಲಸವೂ ನಡೆಯಿತು.

ಕತ್ತಲಲ್ಲಿ ಕೂತು, ಹಣತೆಯ ಬೆಳಕಿನಲ್ಲಿ ಕೆಂಪುಕಲ್ಲು ಕೊರೆದವರು ಯಾರು? ಯಾರ ಕಾಲಕ್ಕೆ ಆಯಿತು ಎಂದು ಪುಸ್ತಕದಲ್ಲಿದೆ. ಕಿಲ್ಲಾದ ಮೂರು ಸುತ್ತಿನ ಕಂದಕವೂ ಹಾಗೆಯೇ. ಅಖಂಡ ಕೆಂಪುಕಲ್ಲನ್ನು ಕಡಿದು, ನಡುವೆ ಕಲ್ಲಿನ ಗೋಡೆಗಳನ್ನೇ ಬಿಟ್ಟು ಮೂರು ಸಾಲು ಕಂದಕ ತೆಗೆದಿದ್ದಾರೆ. ಇವತ್ತಿಗೂ ಅಂಚಿನಲ್ಲಿ ನಿಂತರೆ ತಲೆ ತಿರುಗುತ್ತದೆ. ಕೊರೆದವರ ಲೆಕ್ಕ ಮಾತ್ರ ಎಲ್ಲಿಯೂ ಇಲ್ಲ.

ಈಗ ಗುಂಬಜಗಳ ಕಡೆ ಬರೋಣ.

ಅಹಮದ್ ಶಾಹ 1422ರಲ್ಲಿ ಪಟ್ಟಕ್ಕೆ ಬಂದ. ಕಲಬುರ್ಗಿಯಲ್ಲಿದ್ದ ರಾಜಧಾನಿಯನ್ನು ಬೀದರಕ್ಕೆ ತಂದವನು ಅವನೇ. 1436ರಲ್ಲಿ ಸತ್ತ. ಅವನನ್ನು ವಲಿ, ಅಂದರೆ ಸಂತ ಅಂತ ಕರೆಯುತ್ತಾರೆ. ಯಾಕೆ ಸಂತ? ಫರಿಶ್ತಾ ಎಂಬ ಇತಿಹಾಸಕಾರ ಎರಡು ಶತಮಾನದ ನಂತರ ಬರೆದಿರುವ ಪ್ರಕಾರ, ಪಟ್ಟಕ್ಕೆ ಬಂದ ಹೊಸತರಲ್ಲಿ ಬರ ಬಿತ್ತು, ಬಾದಶಾಹ ತಾನೇ ಬಯಲಿಗೆ ಹೋಗಿ ಮೊಣಕಾಲೂರಿ ಬೇಡಿದ, ಮಳೆ ಬಂತು. ಅಂದಿನಿಂದ ಜನ ವಲಿ ಅಂದರು. ಖರೆಯೋ ಸುಳ್ಳೋ, ಈ ಕತೆಯಿಂದ ಒಂದು ಸಂಗತಿ ಗೊತ್ತಾಗುತ್ತದೆ. ಮಳೆ ತರದ ದೊರೆಯನ್ನು ಈ ನೆಲದ ಒಕ್ಕಲು ಸಂತ ಅಂತ ಒಪ್ಪುವುದಿಲ್ಲ. ಅವನು ವಿಜಯನಗರದ ಮೇಲೆ ಮಾಡಿದ ಯುದ್ಧ ಹಳ್ಳಿಯವರ ಬಾಯಲ್ಲಿಲ್ಲ. ಉಳಿದಿರುವುದು ಮಳೆ.

ಅವನ ಗೋರಿಯ ಒಳಗೆ ಹೋದರೆ ಗೋಡೆ, ಮೇಲಿನ ಗುಂಬಜದ ಒಳಮೈ, ಎಲ್ಲ ಚಿತ್ರ. ಬಂಗಾರದ ನೀರು, ಹಿಂಗುಲದ ಕೆಂಪು, ನೀಲಿ. ಕಿರ್ಮಾನಿನ ಸೂಫಿ ಶಾಹ ನಿಯಾಮತುಲ್ಲಾನ ಗುರುಪರಂಪರೆಯನ್ನು ಅಕ್ಷರದಲ್ಲಿ ಬರೆದಿದ್ದಾರೆ. ಬರೆದ ಕಲಾವಿದ ಕಜ್ವೀನ್ ಊರಿನ ಶುಕ್ರುಲ್ಲಾ ಎಂದು ಹೆಸರು ಉಳಿದಿದೆ. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಖಲೀಲುಲ್ಲಾನ ಚೌಖಂಡಿ ಇದೆ, ಎಂಟು ಮೂಲೆಯ ಕಟ್ಟಡ. ಅದರ ಬಾಗಿಲ ಮೇಲಿನ ಅಕ್ಷರ ಬರೆದವನು ಶೀರಾಜಿನ ಮುಘೀಸ್. ಬರೆದವನ ಹೆಸರು ಉಳಿಯಿತು, ಒಳ್ಳೆಯದೇ; ಕೈಯಿಂದ ದುಡಿದವನೇ ಅವನೂ. ಆ ಅಕ್ಷರಕ್ಕೆ ಕಲ್ಲು ಹೊತ್ತವರ, ಸುಣ್ಣ ಸುಟ್ಟವರ, ಗಾರೆ ಅರೆದವರ ಹೆಸರು ಬರೆಯಲು ಯಾರನ್ನೂ ಶೀರಾಜಿನಿಂದ ಕರೆಸಲಿಲ್ಲ.

ಪಕ್ಕದಲ್ಲಿ ಅಲಾವುದ್ದೀನ್ ಅಹಮದನ ಗೋರಿ, ಮುಖಕ್ಕೆ ಹಚ್ಚಿದ ಬಣ್ಣದ ಹಂಚುಗಳು ಅಲ್ಲಲ್ಲಿ ಉಳಿದಿವೆ. ಅದರಾಚೆ ಹುಮಾಯೂನನ ಗೋರಿ. ಇವನು ಆಳಿದ್ದು 1458ರಿಂದ 1461ರವರೆಗೆ, ಮೂರೇ ವರ್ಷ. ಅಷ್ಟರಲ್ಲಿ ಜಾಲಿಮ್, ಅಂದರೆ ಕ್ರೂರಿ ಎಂಬ ಹೆಸರು ಅವನಿಗೆ ಅಂಟಿತು. ಅವನ ಗುಂಬಜ ಸಿಡಿಲು ಬಡಿದು ಅರ್ಧ ಒಡೆದು ಬಿದ್ದಿತು ಎನ್ನುತ್ತಾರೆ. ಒಡೆದದ್ದೇ ಒಳ್ಳೆಯದಾಯಿತು ಅಂತ ನನಗೆ ಅನ್ನಿಸುತ್ತದೆ. ಇಡೀ ನಿಂತ ಗುಂಬಜದಲ್ಲಿ ಬಾದಶಾಹ ಕಾಣುತ್ತಾನೆ. ಸೀಳಿದ ಈ ಗುಂಬಜದಲ್ಲಿ ಗೋಡೆಯ ದಪ್ಪ, ತೆಳು ಇಟ್ಟಿಗೆ, ಸುಣ್ಣದ ಪದರು, ಒಂದರ ಮೇಲೊಂದು ಇಟ್ಟ ಕೈ ಕಾಣುತ್ತದೆ. ಇತಿಹಾಸ ಓದುವ ವಿದ್ಯಾರ್ಥಿಗಳು ಅಷ್ಟೂರಿಗೆ ಬಂದರೆ ಮೊದಲು ಇಲ್ಲಿಗೇ ಬರಬೇಕು.

ಆ ಕಾಲದ ಹಳ್ಳಿ ಹೇಗಿತ್ತು? ನಮ್ಮ ಆಸ್ಥಾನದ ಬರಹಗಾರರು ಹೇಳಲಿಲ್ಲ. ಹೇಳಿದವನು ದೂರದ ರಷ್ಯಾದ ವ್ಯಾಪಾರಿ, ಅಫನಾಸಿ ನಿಕಿತಿನ್. 1469ರ ಸುಮಾರಿಗೆ ಒಂದು ಕುದುರೆ ಮಾರಲು ಬೀದರಕ್ಕೆ ಬಂದವನು. ದರ್ಬಾರಿನ ಹಂಗು ಅವನಿಗಿರಲಿಲ್ಲ. ಬೀದರದ ಅಮೀರರು ಬೆಳ್ಳಿಯ ಮಂಚದ ಮೇಲೆ ಹೊರಿಸಿಕೊಂಡು ಹೋಗುವುದನ್ನೂ, ಮುಂದೆ ಬಂಗಾರದ ಜೀನಿನ ಕುದುರೆಗಳು, ಹಿಂದೆ ನೂರಾರು ಆಳು ಇರುವುದನ್ನೂ ಅವನು ಬರೆದ. ಅದೇ ಉಸಿರಿನಲ್ಲಿ, ಹಳ್ಳಿಯ ಜನ ಕಡುಬಡವರು ಅಂತಲೂ ಬರೆದ. ಆಗ ಮಂತ್ರಿಯಾಗಿದ್ದವನು ಮಹಮೂದ್ ಗವಾನ್. ಅವನ 1472ರ ಮದರಸಾ ಬೀದರದಲ್ಲಿ ಇವತ್ತೂ ಅರ್ಧ ನಿಂತಿದೆ. ದೊಡ್ಡ ವಿದ್ವಾಂಸ, ಪುಸ್ತಕಪ್ರೇಮಿ, 1481ರಲ್ಲಿ ಸುಳ್ಳು ಆಪಾದನೆಗೆ ತಲೆ ಕೊಟ್ಟವನು. ಜಮೀನು ಅಳೆಸಿ ಕಂದಾಯ ಗೊತ್ತು ಮಾಡಿಸಿದ್ದೂ ಅವನೇ. ಅಳತೆಯ ಹಗ್ಗ ಹೊಲದ ಮೇಲೆ ಬಿದ್ದಾಗ ಹೊಲದ ಒಡೆಯನ ಹೆಸರು ದಾಖಲೆಗೆ ಬಂದಿತು. ಹೊಲದಲ್ಲಿ ದುಡಿಯುವವನು ಆ ಹಗ್ಗಕ್ಕೆ ಸಿಗಲಿಲ್ಲ.

ಅಷ್ಟೂರಿನ ಉರುಸಿನ ಬಗ್ಗೆ ಒಂದು ಮಾತು. ಸೌಹಾರ್ದದ ಭಾಷಣ ಮಾಡುವವರು ಇದನ್ನು ತಪ್ಪದೇ ಹೇಳುತ್ತಾರೆ, ಹೇಳಲೂಬೇಕು. ಅಹಮದ್ ಶಾಹ ವಲಿಯ ಉರುಸು ಮುಸ್ಲಿಮ್ ಪಂಚಾಂಗದ ಪ್ರಕಾರ ನಡೆಯುವುದಿಲ್ಲ. ಹೋಳಿ ಹುಣ್ಣಿವೆ ಆದ ಮೇಲೆ ದಿನ ಎಣಿಸಿ ನಡೆಯುತ್ತದೆ. ಕಲಬುರ್ಗಿ ಜಿಲ್ಲೆಯ ಮಾಡಿಯಾಳದ ಲಿಂಗಾಯತ ಜಂಗಮರು ತಮ್ಮ ಜನರೊಂದಿಗೆ ನಡೆದು ಬಂದು ಗೋರಿಗೆ ಹೂ ಏರಿಸಿ, ಕಾಯಿ ಒಡೆಸುತ್ತಾರೆ. ಮುಸ್ಲಿಮರಿಗೆ ಅವನು ವಲಿ, ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ನಿಜಾಮನ ಸರಕಾರದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟವಾದ ಬೀದರದ ಮೇಲಿನ ತಮ್ಮ ದೊಡ್ಡ ಪುಸ್ತಕದಲ್ಲಿ ಇದನ್ನು ಕಣ್ಣಾರೆ ಕಂಡವರಂತೆ ವಿವರಿಸಿದ್ದಾರೆ. ಪುಸ್ತಕ ಬಂದ ಮರುವರ್ಷವೇ ಈ ಸೀಮೆ ಹೊತ್ತಿ ಉರಿಯಿತು. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಸುಮಾರು ಇನ್ನೂರು ಜನರನ್ನು ಕೊಂದರು. ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಕೊಲೆ ನಡೆಯಿತು. ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರು ಎಂದು ಅಂದಾಜು ಮಾಡಿ, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆ ವರದಿಯನ್ನು ಸಾರ್ವಜನಿಕರು ಓದಲು ಸಿಕ್ಕಿದ್ದು 2013ರಲ್ಲಿ. ಗೋರಟಾದ ಸತ್ತವರನ್ನು ಒಬ್ಬರು ಎಣಿಸುತ್ತಾರೆ, ಸೆಪ್ಟೆಂಬರಿನ ಸತ್ತವರನ್ನು ಇನ್ನೊಬ್ಬರು ಎಣಿಸುತ್ತಾರೆ. ಎರಡನ್ನೂ ಒಟ್ಟಿಗೆ ಎಣಿಸುವವರು ಕಡಿಮೆ. ಉರುಸು ಮಾತ್ರ ಇದನ್ನೆಲ್ಲ ದಾಟಿ ಇವತ್ತಿಗೂ ನಡೆಯುತ್ತಿದೆ. ಅದು ಸಣ್ಣ ಸಂಗತಿಯಲ್ಲ.

ಆದರೆ ವಲಿಯೂ ಅಲ್ಲದ, ಅಲ್ಲಮನೂ ಅಲ್ಲದ ಮೂರನೆಯ ಬೀದರ ಬಾದಶಾಹ ಒಬ್ಬ ಇದ್ದಾನೆ. ಅವನು ನಮ್ಮ ಕೇರಿಗಳ ಬಾದಶಾಹ. ಅವನ ಕತೆಗಾಗಿಯೇ ಈ ಲೇಖನ ಬರೆಯಲು ಕೂತೆ.

ಭಾಲ್ಕಿ, ಔರಾದ, ಅಲ್ಲಿಂದ ಗಡಿ ದಾಟಿ ಉದಗೀರ, ನಿಲಂಗಾ, ಇಡೀ ಮರಾಠಿ ಸೀಮೆಯ ಮಹಾರರ ಬಾಯಲ್ಲಿ ಒಂದು ಕತೆ ಇದೆ. ಬೀದರದ ಬಾದಶಾಹನ ರಾಣಿ ಕಾಣೆಯಾದಳು. ಯಾರು ಹುಡುಕಿ ತರುತ್ತೀರಿ ಅಂದರೆ ಸರದಾರರೆಲ್ಲ ಸುಮ್ಮನಾದರು. ಅಮೃತನಾಕ ಎಂಬ ಮಹಾರ ಮುಂದೆ ಬಂದ. ಹೊರಡುವ ಮೊದಲು ಒಂದು ಮುಚ್ಚಿದ ಪೆಟ್ಟಿಗೆಯನ್ನು ಬಾದಶಾಹನ ಕೈಗೆ ಕೊಟ್ಟು, ನಾನು ಬರುವತನಕ ತೆಗೆಯಬೇಡಿ ಅಂದ. ರಾಣಿಯನ್ನು ಹುಡುಕಿ ಕರೆತಂದ. ಇಷ್ಟು ದಿನ ರಾತ್ರಿ ಹಗಲು ಇಬ್ಬರೇ ಇದ್ದರಲ್ಲ ಅಂತ ದರ್ಬಾರದಾಗ ಪಿಸುಮಾತು ಎದ್ದಿತು. ಆಗ ಅಮೃತನಾಕ, ಈಗ ಪೆಟ್ಟಿಗೆ ತೆಗೀರಿ ಅಂದ. ಹೊರಡುವ ಮೊದಲೇ ಅವನು ತನ್ನ ಗಂಡಸುತನವನ್ನು ಕೊಯ್ದು ಅದರಲ್ಲಿಟ್ಟಿದ್ದ. ನಾಚಿದ ಬಾದಶಾಹ, ಏನು ಬೇಕು ಕೇಳು ಅಂದ. ವಂಶವಿಲ್ಲದ ನನಗೆ ಏನೂ ಬೇಡ, ನನ್ನ ಜಾತಿಗೆ ಕೊಡು ಅಂದ. ಬಾದಶಾಹ ಬಾವನ್ನ ಹಕ್ಕು, ಅಂದರೆ ಐವತ್ತೆರಡು ಹಕ್ಕು ಬರೆದುಕೊಟ್ಟ.

ಈ ಕತೆಯಲ್ಲಿ ಬಾದಶಾಹನ ಹೆಸರಿಲ್ಲ. ಅಷ್ಟೂರಿನ ಯಾವ ಗುಂಬಜದ ಕೆಳಗೆ ಅವನು ಮಲಗಿದ್ದಾನೆ ಅಂತ ಕೇಳಿದರೆ ಉತ್ತರವಿಲ್ಲ. ದಾಖಲೆಯಲ್ಲಿ ಬಾದಶಾಹನಿಗೆ ಹೆಸರಿದೆ, ಆಳಿಗಿಲ್ಲ. ಕೇರಿಯ ಕತೆಯಲ್ಲಿ ಆಳಿಗೆ ಹೆಸರಿದೆ, ಬಾದಶಾಹನಿಗಿಲ್ಲ.

ಹಕ್ಕುಗಳು ಯಾವುವು ನೋಡ್ರಿ. ಊರಾಗ ಸತ್ತ ದನ, ಅದರ ತೊಗಲು, ಅದರ ಬಾಡು. ಹೆಣದ ಮೇಲಿನ ಬಟ್ಟೆ. ಸುಟ್ಟು ಉಳಿದ ಕಟ್ಟಿಗೆ. ಕಣ ಎತ್ತಿದ ಮೇಲೆ ತಳದಲ್ಲಿ ಉಳಿದ ಕಾಳು. ಮದುವೆ ಊಟದ ಉಳಿಕೆ. ದಿನಾ ಮನೆಮನೆ ತಿರುಗಿ ಎತ್ತುವ ರೊಟ್ಟಿ. ಪಟ್ಟಿ ಊರಿಂದ ಊರಿಗೆ ಬೇರೆ ಆಗುತ್ತದೆ, ಜಾತಿ ಒಂದೇ. ಇದಕ್ಕೆ ಬದಲಾಗಿ ಊರಿನ ಕಾವಲು, ಗಡಿ ತೋರಿಸುವುದು, ಸಾವಿನ ಸುದ್ದಿ ಒಯ್ಯುವುದು, ಸರಕಾರಿ ಮನುಷ್ಯ ಬಂದರೆ ಅವನ ಗಂಟು ಹೊರುವುದು, ಕಂದಾಯದ ಥೈಲಿಯನ್ನು ಖಜಾನೆಗೆ ಮುಟ್ಟಿಸುವುದು. ಒಬ್ಬ ಮನುಷ್ಯ ತನ್ನ ವಂಶವನ್ನೇ ಕೊಯ್ದು ಕೊಟ್ಟು ಪಡೆದದ್ದು ಸತ್ತ ದನ ಮತ್ತು ತಂಗಳು ರೊಟ್ಟಿ.

ನಮ್ಮ ಮುತ್ತ್ಯಾ ಈ ಕತೆ ಹೇಳುವಾಗ ಅವನ ಎದೆ ಉಬ್ಬುತ್ತಿತ್ತು. "ಬಾದಶಾ ಕೊಟ್ಟಾನ ನಮಗ. ಭಿಕ್ಷಾ ಅಲ್ಲ ಅದು, ಹಕ್ಕದ" ಅನ್ನುತ್ತಿದ್ದ. ಕಾಲೇಜಿಗೆ ಹೋಗಿ ನಾಲ್ಕು ಪುಸ್ತಕ ಓದಿದ ಮೇಲೆ ನನಗೆ ಈ ಮಾತು ಕೇಳಿ ಸಿಟ್ಟು ಬರುತ್ತಿತ್ತು. ಈಗ ಆ ಮಾತನ್ನು ಬೇರೆ ರೀತಿ ನೋಡುತ್ತೇನೆ. ಗೌಡರ ಬಾಗಿಲಲ್ಲಿ ನಿಂತು ರೊಟ್ಟಿ ಕೇಳುವವನಿಗೆ ತಲೆ ಎತ್ತಿ ನಿಲ್ಲಲು ಒಂದು ಕಾಗದ ಬೇಕಿತ್ತು. ಗೌಡನಿಗಿಂತ ದೊಡ್ಡವನ ಸಹಿ ಇರುವ ಕಾಗದ. ಶಾಸ್ತ್ರದಲ್ಲಿ ಅವನಿಗೆ ಜಾಗ ಇರಲಿಲ್ಲ, ಆದ್ದರಿಂದ ಶಾಸ್ತ್ರದ ಹೊರಗಿನ ದೊರೆಯ ಹತ್ತಿರ ಹೋದ. ನಮ್ಮ ಹಿರಿಯರು ದೇವರ ವರವನ್ನು ಬಿಟ್ಟು ಬಾದಶಾಹನ ಸನದನ್ನು ನೆನಪಿಟ್ಟುಕೊಂಡರು ಎಂಬುದರಲ್ಲಿ ಒಂದು ಬುದ್ಧಿವಂತಿಕೆ ಇದೆ. ಮೋಸವೂ ಅಲ್ಲೇ ಇದೆ. ಹಕ್ಕು ಎಂಬ ಹೆಸರು ಕೊಟ್ಟು ಬಿಟ್ಟಿ ದುಡಿಮೆಯನ್ನು ತಲೆತಲಾಂತರಕ್ಕೆ ಕಟ್ಟಿಹಾಕಿದ ಹಗ್ಗವೂ ಅದೇ ಕಾಗದ.

ಇನ್ನೊಂದು ಕತೆ ಎಲ್ಲರಿಗೂ ಗೊತ್ತಿರುವುದೇ. ಮಂಗಳವೇಢೆಯ ದಾಮಾಜಿಪಂತ ಬೀದರ ಬಾದಶಾಹನ ಅಧಿಕಾರಿ. ಭಾರೀ ಬರ ಬಿತ್ತು. ದಾಮಾಜಿ ಸರಕಾರಿ ಹಗೇವು ತೆಗೆದು ಹಸಿದವರಿಗೆ ಕಾಳು ಹಂಚಿದ. ಬಾದಶಾಹ ಹಿಡಿದು ತರಿಸಲು ಹೇಳಿದ. ಅಷ್ಟರಲ್ಲಿ ಪಂಢರಪುರದ ವಿಠೋಬ ವಿಠು ಮಹಾರನ ವೇಷದಲ್ಲಿ ಬೀದರಕ್ಕೆ ಹೋಗಿ ಕಾಳಿನ ಹಣ ಕಟ್ಟಿ, ರಸೀದಿ ತಂದ. ಕೀರ್ತನಕಾರರು ಇದನ್ನು ದಾಮಾಜಿಯ ಭಕ್ತಿಯ ಕತೆಯಾಗಿ ಹಾಡುತ್ತಾರೆ. ದೇವರು ಮಹಾರನ ವೇಷ ಹಾಕಿದನಲ್ಲ, ಎಂಥ ಕರುಣೆ ಅಂತ ಕಣ್ಣೀರು ಹಾಕುತ್ತಾರೆ. ದೇವರಿಗೆ ಆ ವೇಷವೇ ಯಾಕೆ ಬೇಕಾಯಿತು? ಖಜಾನೆಗೆ ಹಣ ಹೊತ್ತು ಹೋಗುವುದು ಮಹಾರನ ಕೆಲಸ. ಬೇರೆ ಯಾರ ವೇಷದಲ್ಲಿ ಹೋಗಿದ್ದರೂ ಕಾವಲಿನವರು ಅನುಮಾನಪಡುತ್ತಿದ್ದರು. ಮೈಲುಗಟ್ಟಲೆ ಹಣದ ಗಂಟು ಹೊತ್ತು ಒಂದು ಹೊನ್ನೂ ಕದಿಯದೆ ಮುಟ್ಟಿಸುವವನು ಎಂದು ರಾಜ್ಯಕ್ಕೆ ನಂಬಿಕೆ ಇದ್ದದ್ದು ಅವನೊಬ್ಬನ ಮೇಲೆ. ಹಣ ಮುಟ್ಟಬಹುದು, ಮನುಷ್ಯರನ್ನು ಮುಟ್ಟಬಾರದು.

ಅದೇ ಮಂಗಳವೇಢೆಯಲ್ಲಿ, ಬಹಮನಿ ರಾಜ್ಯ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, 1338ರಲ್ಲಿ ಚೋಖಾಮೇಳ ಸತ್ತ ಎಂದು ಹೇಳುತ್ತಾರೆ. ಊರಿನ ಗೋಡೆ ಕಟ್ಟಲು ಮಹಾರರನ್ನು ಹಿಡಿದು ತಂದಿದ್ದರು. ಗೋಡೆ ಕುಸಿಯಿತು, ಅಡಿಯಲ್ಲಿ ಸಿಕ್ಕಿ ಸತ್ತರು. ಅವರಲ್ಲಿ ಚೋಖಾಮೇಳನ ಎಲುಬು ಯಾವುದು ಅಂತ ಗುರುತಿಸಲು ಎಲುಬಿಗೆ ಕಿವಿಯಿಟ್ಟರು, ವಿಠಲ ನಾಮ ಕೇಳಿಸಿತು, ಅದನ್ನು ಆರಿಸಿ ತಂದು ಪಂಢರಪುರದ ಗುಡಿಯ ಮೆಟ್ಟಿಲ ಹತ್ತಿರ ಹೂಳಿದರು. ಉಳಿದ ಎಲುಬುಗಳು ಏನಾದವು ಎಂದು ಕತೆ ಹೇಳುವುದಿಲ್ಲ. ಅಷ್ಟೂರಿನ ಗುಂಬಜ ನೋಡುವಾಗಲೆಲ್ಲ ನನಗೆ ಆ ಗೋಡೆ ನೆನಪಿಗೆ ಬರುತ್ತದೆ.

ಬಾವನ್ನ ಹಕ್ಕಿನ ಕಾಗದವನ್ನು ಹರಿಯಲು ನಿಂತವರು ಬಾಬಾಸಾಹೇಬರು. 1927ರ ಮಹಾಡಿನ ಪರಿಷತ್ತಿನಲ್ಲಿ ಸತ್ತ ದನದ ಬಾಡು ತಿನ್ನಬಾರದು ಎಂದು ಕರೆ ಕೊಟ್ಟರು. 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಮಹಾರ ವತನದ ಕಾಯ್ದೆ ತಿದ್ದಲು ಮಸೂದೆ ಮಂಡಿಸಿದರು. ಅದು ಪಾಸಾಗಲಿಲ್ಲ. ವತನ ಎಂಬ ಅಂಗೈಯಗಲ ಜಮೀನನ್ನು ಹಿಡಿದುಕೊಂಡು ಹಗಲು ರಾತ್ರಿ ಸರಕಾರದ ಬಿಟ್ಟಿ ಮಾಡುವ ಬದಲು, ಆ ಜಮೀನನ್ನು ಕಂದಾಯ ಕಟ್ಟುವ ರೈತನಾಗಿ ಉಳು ಎಂಬುದು ಅವರ ವಾದ. ನಮ್ಮವರಲ್ಲೇ ಅನೇಕರು ಹೆದರಿದರು. ಹಕ್ಕು ಹೋದರೆ ರೊಟ್ಟಿ ಎಲ್ಲಿಂದ? ಆ ಹೆದರಿಕೆಯನ್ನು ಹಗುರವಾಗಿ ನೋಡಬಾರದು. ಮುಂಬಯಿ ರಾಜ್ಯದಲ್ಲಿ ಕೆಳಹಂತದ ಗ್ರಾಮವತನಗಳು ಕಾಯ್ದೆಯಿಂದ ರದ್ದಾಗಲು 1958 ಬರಬೇಕಾಯಿತು, ಬಾಬಾಸಾಹೇಬರು ತೀರಿ ಎರಡು ವರ್ಷವಾಗಿತ್ತು.

ಬೀದರ ಮುಂಬಯಿಯಲ್ಲಿರಲಿಲ್ಲ, ನಿಜಾಮನ ರಾಜ್ಯದಲ್ಲಿತ್ತು. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ಕ್ಕೆ ಜಿಲ್ಲೆಯನ್ನೇ ಮೂರು ಪಾಲು ಮಾಡಿದರು: ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ, ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಒಂದೇ ಕತೆ ಹೇಳುವ ಕೇರಿಗಳು ಮೂರು ರಾಜ್ಯದ ಮೂರು ಕಾನೂನಿಗೆ ಹಂಚಿಹೋದವು. ಔರಾದದ ಅಣ್ಣನಿಗೆ ಒಂದು ಕಾಯ್ದೆ, ಉದಗೀರದ ತಮ್ಮನಿಗೆ ಒಂದು. ನಮ್ಮ ಕಡೆ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂತು, 1963ರಿಂದ ಜಾರಿಯಾಯಿತು. ಗೌಡಕಿ ಕುಲಕರ್ಣಿಕಿಯ ಜೊತೆಗೆ ತಳವಾರಕಿ, ಮಹಾರಕಿಯೂ ರದ್ದು. ಚಾಕರಿಗಾಗಿ ಕೊಟ್ಟಿದ್ದ ಜಮೀನನ್ನು ಚಾಕರಿ ಮಾಡಿದವನಿಗೇ ಮರುಮಂಜೂರು ಮಾಡಬೇಕು ಅಂತ ಕಾಯ್ದೆ ಹೇಳಿತು. ಬಾದಶಾಹನ ಕಾಲದಿಂದ ಸತ್ತ ದನ ಹಕ್ಕಾಗಿದ್ದವನಿಗೆ ಮೊದಲ ಸಲ ಬದುಕಿದ ನೆಲ ಹಕ್ಕಾಗುವ ಗಳಿಗೆ ಅದು.

ಮುಂದೆ ಏನಾಯಿತು ಎಂದು ಹಳ್ಳಿಯ ಶಿಕ್ಷಕರಿಗೆ ನಾನು ಹೇಳಬೇಕಾಗಿಲ್ಲ. ಮರುಮಂಜೂರಿಗೆ ಅರ್ಜಿ ಕೊಡಬೇಕು, ಹಣ ಕಟ್ಟಬೇಕು, ಕಚೇರಿಗೆ ತಿರುಗಬೇಕು. ಓದಲು ಬಾರದವನ ಹೆಬ್ಬೆಟ್ಟು ಬಿಳಿ ಕಾಗದದ ಮೇಲೆ ಬಿದ್ದರೆ ಸಾಕು, ಹೊಲ ಕೈಬಿಡುತ್ತದೆ. ಮದುವೆ ಸಾಲಕ್ಕೆ, ಬರಗಾಲದ ಕಾಳಿಗೆ ಜಮೀನು ಬರೆದುಕೊಟ್ಟವರು ಎಷ್ಟೋ ಜನ. ಪರಭಾರೆ ತಡೆಯಲು 1978ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದರು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಮಾರಾಟವನ್ನು ತಡೆಯುವ ಇನ್ನೊಂದು ಕಾಯ್ದೆ 1979ರ ಜನವರಿಯಿಂದ ಜಾರಿಗೆ ಬಂತು. ಅಷ್ಟರಲ್ಲಿ 1972ರ ಬರ ಬಂದು ಹೋಗಿತ್ತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯ ಅಂದರು. ಉಳುವವನು ಅಂದರೆ ಕಾನೂನಿನ ಕಣ್ಣಿಗೆ ಗೇಣಿದಾರ. ನಮ್ಮವರು ಗೇಣಿದಾರರಾಗಿರಲಿಲ್ಲ, ಜೀತದವರು, ದಿನಗೂಲಿಯವರು. ಉಳುತ್ತಿದ್ದದ್ದು ಅವರೇ, ಆದರೆ ಏಳನೇ ನಂಬರಿನ ಫಾರ್ಮ್ ತುಂಬಲು ಅವರ ಹತ್ತಿರ ಏನಿತ್ತು?

1968ರಲ್ಲಿ ಕಲಬುರ್ಗಿಯಲ್ಲಿ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್ ಹೈದರಾಬಾದ್ ಸೀಮೆಯ ದಲಿತರನ್ನು ಒಂದುಗೂಡಿಸಲು ಹೋರಾಡಿದವರು. ಔರಂಗಾಬಾದಿನಲ್ಲಿ ಹುಟ್ಟಿದ ಅವರ ಹೆಸರನ್ನು ಬೆಂಗಳೂರಿನ ಕಡೆಯ ಗೆಳೆಯರು ಅಷ್ಟಾಗಿ ಕೇಳಿಲ್ಲ. ಅವರ ಮೇಲೆ ಪ್ರತ್ಯೇಕವಾಗಿ ಬರೆಯಬೇಕು, ಇಲ್ಲಿ ಜಾಗ ಸಾಲದು.

ಅಷ್ಟೂರಿಗೆ ಮತ್ತೆ ಬರುತ್ತೇನೆ. ಗುಂಬಜಗಳು ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕಬ್ಬಿಣದ ಬೇಲಿ, ಹುಲ್ಲಿನ ಹಾಸು, ನೀಲಿ ಬೋರ್ಡು. ಬೀದರವನ್ನೂ ಸೇರಿಸಿ ದಖನಿನ ಸುಲ್ತಾನರ ಕಟ್ಟಡಗಳನ್ನು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಕಳಿಸಿದ್ದಾರೆ. 2010ರ ತಿದ್ದುಪಡಿ ಕಾಯ್ದೆಯ ಪ್ರಕಾರ ಇಂಥ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿನವರೆಗೆ ಕಟ್ಟಲು ಅನುಮತಿ ತರಬೇಕು. ಗುಂಬಜ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಶುಕ್ರುಲ್ಲಾನ ಬಣ್ಣ ಮತ್ತೆ ಹುಟ್ಟುವುದಿಲ್ಲ. ಆದರೆ ಇಂಥ ಸ್ಮಾರಕಗಳ ಸುತ್ತ ಐದು ಹತ್ತು ಎಕರೆ ಇದ್ದವನು ಬೇರೆ ಕಡೆ ಮನೆ ಕಟ್ಟುತ್ತಾನೆ. ಇರುವುದೇ ಒಂದು ಗುಡಿಸಲ ಜಾಗ ಆದವನು ಸೋರುವ ಮಾಳಿಗೆ ತೆಗೆದು ಎರಡು ಖೋಲಿ ಕಟ್ಟಬೇಕೆಂದರೆ ಯಾವ ಕಚೇರಿಗೆ, ಯಾವ ಭಾಷೆಯಲ್ಲಿ ಅರ್ಜಿ ಬರೆಯಬೇಕು? ಸತ್ತ ಬಾದಶಾಹನ ಸುತ್ತಲಿನ 100 ಮೀಟರ್ ನಕಾಶೆಯಲ್ಲಿ ಅಚ್ಚುಕಟ್ಟಾಗಿ ಗುರುತಾಗಿದೆ. ಬಿಟ್ಟಿ ಚಾಕರಿಗೆ ಬದಲಾಗಿ ಮರುಮಂಜೂರಾಗಬೇಕಿದ್ದ ಜಮೀನು ಯಾವ ಸರ್ವೇ ನಂಬರಿನಲ್ಲಿತ್ತು, ಈಗ ಯಾರ ಪಹಣಿಯಲ್ಲಿದೆ ಎಂಬ ನಕಾಶೆಯನ್ನು ಯಾವ ಇಲಾಖೆಯೂ ಮಾಡಿಲ್ಲ.

ಇದನ್ನು ನಾವೇ ಮಾಡಬಹುದು. ಬೀದರ, ಭಾಲ್ಕಿ, ಔರಾದ ತಾಲೂಕಿನ ಶಾಲೆಗಳಲ್ಲಿ ಕೆಲಸ ಮಾಡುವ ಗೆಳೆಯರು ಕೇರಿಯ ಹಿರಿಯರಲ್ಲಿ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಲಿ. ನಿಮ್ಮ ಊರಲ್ಲಿ ಬಾವನ್ನ ಹಕ್ಕಿನಲ್ಲಿ ಯಾವ ಯಾವುದು ಸೇರಿತ್ತು? ಯಾವ ವರ್ಷ, ಯಾರ ಮಾತಿನ ಮೇಲೆ ಅದನ್ನು ಬಿಟ್ಟಿರಿ? ಚಾಕರಿಯ ಹೊಲ ಎಲ್ಲಿತ್ತು? ಮೊದಲೆರಡಕ್ಕೆ ಉತ್ತರ ಬಾಯಲ್ಲಿ ಸಿಗುತ್ತದೆ. ಮೂರನೆಯದಕ್ಕೆ ತಹಶೀಲ ಕಚೇರಿಯ ಹಳೆಯ ಉರ್ದು ಕಾಗದ ಓದಬಲ್ಲವರು ಬೇಕು. ಅಂಥವರು ಬೀದರದ ಮುಸ್ಲಿಮ್ ಓಣಿಗಳಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಮುಂದಿನ ಹೋಳಿ ಹುಣ್ಣಿವೆ ಕಳೆದು ಜಂಗಮರು ಅಷ್ಟೂರಿಗೆ ಬರುವುದರೊಳಗೆ ಹತ್ತು ಊರಿನ ಪಟ್ಟಿ ಆದರೂ ಸಾಕು, ಉರುಸಿನ ಜನರ ನಡುವೆ ಕೂತು ಓದಬಹುದು.